ಹಸುವಿನ ಹೊಟ್ಟೆ ನೋಡುವ ನೀವು, ನಿಮ್ಮ ಹೊಟ್ಟೆ ನೋಡಿಕೊಂಡಿರಾ?



ಈ ಸಲ ಹಸುವಿನ ಬಗ್ಗೆ ಸ್ವಲ್ಪ, ನಿಮ್ಮ ಬಗ್ಗೆ ಜಾಸ್ತಿ ಬರೆಯುತ್ತಿದ್ದೇನೆ. ಕಾರಣ ಹೇಳುತ್ತೇನೆ.

ಮದುವೆ ಸೀಸನ್ನಿನಲ್ಲಿ ಲಕ್ಕೂರು ಹೋಬಳಿಯ ಒಂದು ಹಳ್ಳಿಯಿಂದ ಬೆಳಿಗ್ಗೆಯೇ ಫೋನ್ ಬಂತು. ಮದುವೆ ಮನೆಯಲ್ಲಿ ಉಳಿದ ಅನ್ನವನ್ನು ಹಸುವಿಗೆ ಹಾಕಿದ್ದರು. ಹಸು ಮೇವು ಬಿಟ್ಟಿತ್ತು, ಮೆಲುಕು ನಿಂತಿತ್ತು, ಸಗಣಿ ನೀರಾಗಿ ಹುಳಿ ವಾಸನೆ ಬರುತ್ತಿತ್ತು. ಅನ್ನ ಜಾಸ್ತಿಯಾಗಿ ಹೊಟ್ಟೆಯಲ್ಲಿ ಹುಳಿ ಏರಿದಾಗ ಹೀಗಾಗುತ್ತದೆ. ಆ ಮನೆಯ ಅಕ್ಕ ಹಸುವಿನ ವಿಷಯ ಎಲ್ಲವನ್ನೂ ಒಪ್ಪಿಸಿದರು. ಎಷ್ಟು ಗಂಟೆಗೆ ತಿಂದಿತು, ಕೊನೆಯ ಸಲ ಮೆಲುಕು ಹಾಕಿದ್ದು ಯಾವಾಗ, ಸಗಣಿ ಎಷ್ಟು ಸಲ, ಯಾವ ಬಣ್ಣ, ಹಾಲು ಎಷ್ಟು ಲೀಟರ್ ಇಳಿಯಿತು, ಒಂದನ್ನೂ ಬಿಡಲಿಲ್ಲ.

ನಾನು ಬೇರೆ ಔಷಧಿಯ ಜೊತೆಗೆ ಅಡುಗೆ ಸೋಡಾ ಕಲಸಿ ಹಸುವಿಗೆ ಕುಡಿಸಿದೆ. ಅದನ್ನು ನೋಡಿ ಅವರು ನಕ್ಕರು. "ನಾನೂ ದಿನಾ ಇದನ್ನೇ ಕುಡಿಯೋದು ಡಾಕ್ಟ್ರಮ್ಮ. ಬೆಳಿಗ್ಗೆ ಎದ್ರೆ ಹೊಟ್ಟೆ ಉಬ್ಬರ, ಹಾಲು ಕರೆಯೋಷ್ಟರಲ್ಲಿ ಎರಡು ಮೂರು ಸಲ ಹೋಗ್ಬೇಕು."

"ಬಿ.ಪಿ. ಇದೆಯಾ ಅಕ್ಕ?" ಎಂದು ಕೇಳಿದೆ.

"ಇತ್ತು. ಮಾತ್ರೆ ಕೊಟ್ಟಿದ್ರು. ನುಂಗಿದ್ರೆ ಹೊಟ್ಟೆ ಕೆಡ್ತದೆ ಅಂತ ಎರಡು ತಿಂಗಳಿಂದ ಬಿಟ್ಟುಬಿಟ್ಟೆ. ಈಗ ತಲೆನೋವೂ ಇಲ್ಲ, ಏನೂ ಇಲ್ಲ."

ಈ ಲೇಖನ ಬರೆಯಲು ಆ ಮಾತೇ ಕಾರಣ. ಯಾಕೆಂದರೆ ನಾನೂ ಅದೇ ತಪ್ಪು ಮಾಡಿದವಳು.

ನನ್ನ ಕಥೆ

ನಾನು ಪಶುವೈದ್ಯೆ, ಮನುಷ್ಯರಿಗೆ ಔಷಧಿ ಬರೆಯುವವಳಲ್ಲ. ಆದರೆ ಈ ಎರಡು ಕಾಯಿಲೆಯೂ ನನಗೆ ಇವೆ. ಅದಕ್ಕಾಗಿ ನನ್ನ ವೈದ್ಯರಿಂದ ತಿಳಿದುಕೊಂಡದ್ದನ್ನು ಮತ್ತು ಅನುಭವಿಸಿದ್ದನ್ನು ಹೇಳುತ್ತಿದ್ದೇನೆ.

ಹೊಟ್ಟೆಯ ತೊಂದರೆ ಹೆಬ್ಬಾಳದ ಕಾಲೇಜಿನಲ್ಲಿ ಓದುವಾಗ ಶುರುವಾಯಿತು. ಪರೀಕ್ಷೆ ಹತ್ತಿರ ಬಂದರೆ ಹೊಟ್ಟೆ ಹಿಂಡುವ ನೋವು, ಓಡಿ ಹೋಗಬೇಕಾದ ಅವಸರ, ಹೋಗಿ ಬಂದ ಮೇಲೆ ಸ್ವಲ್ಪ ಹಾಯಿ. ಕೆಲಸಕ್ಕೆ ಸೇರಿದ ಮೇಲೂ ಬಿಡಲಿಲ್ಲ. ಹಳ್ಳಿಗೆ ಹೊರಡುವ ಮುಂಚೆ ದಾರಿಯಲ್ಲಿ ಶೌಚಾಲಯ ಎಲ್ಲಿದೆ ಎಂದು ಲೆಕ್ಕ ಹಾಕುತ್ತಿದ್ದೆ. ಕ್ಯಾನ್ಸರ್ ಇರಬಹುದೆಂದು ಹೆದರಿ ಒಂದರ ಮೇಲೊಂದು ಸ್ಕ್ಯಾನ್ ಮಾಡಿಸಿ ದುಡ್ಡು ಕಳೆದೆ. ಎಲ್ಲ ರಿಪೋರ್ಟೂ ಸರಿ ಇತ್ತು. ಕೊನೆಗೆ ಒಬ್ಬ ವೈದ್ಯರು ಕೂರಿಸಿಕೊಂಡು ಅರ್ಧ ಗಂಟೆ ಕೇಳಿ, ಇದು ಐಬಿಎಸ್ ಎಂದರು.

ಬಿ.ಪಿ. ಗೊತ್ತಾದದ್ದು ಆಕಸ್ಮಿಕವಾಗಿ. ಒಂದು ಸಂಘದ ವಾರ್ಷಿಕ ಸಭೆಯ ದಿನ ಆರೋಗ್ಯ ತಪಾಸಣೆ ಇಟ್ಟಿದ್ದರು. ನರ್ಸ್ ಅಕ್ಕ "ಡಾಕ್ಟ್ರೇ, ನೀವೂ ಕೈ ಕೊಡಿ" ಎಂದರು. 164/102 ಬಂತು. ಇನ್ನೊಂದು ದಿನ ನೋಡಿದಾಗಲೂ ಹಾಗೆಯೇ. ಆಗ ನನಗೆ ಮೂವತ್ತನಾಲ್ಕು ವರ್ಷ. ಮಾತ್ರೆ ಶುರು ಮಾಡಿದ ಒಂದೇ ವಾರದಲ್ಲಿ ಹೊಟ್ಟೆ ಕೆಟ್ಟಿತು. ಮಾತ್ರೆಯಿಂದಲೇ ಎಂದು ನಾನೇ ತೀರ್ಮಾನ ಮಾಡಿ, ಯಾರನ್ನೂ ಕೇಳದೆ ಬಿಟ್ಟೆ. ಮೂರು ತಿಂಗಳು ಏನೂ ಆಗಲಿಲ್ಲ. ಒಂದು ರಾತ್ರಿ ಕರು ಅಡ್ಡ ಬಂದ ಹಸುವಿಗೆ ಹೆರಿಗೆ ಮಾಡಿಸುತ್ತಿದ್ದಾಗ ಕಣ್ಣು ಮಂಜಾಗಿ, ತಲೆ ಸುತ್ತಿ ಕೊಟ್ಟಿಗೆಯಲ್ಲೇ ಕುಳಿತುಬಿಟ್ಟೆ. ಆಸ್ಪತ್ರೆಗೆ ಕರೆದೊಯ್ದಾಗ ಮೇಲಿನ ಅಂಕಿ 190 ದಾಟಿತ್ತು.

ಆಗ ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: "ಮಾತ್ರೆ ಶುರು ಮಾಡುವ ಮೊದಲೂ ನಿಮ್ಮ ಹೊಟ್ಟೆ ಕೆಡುತ್ತಿತ್ತಲ್ಲವೇ?" ಹೌದು, ಹದಿನೈದು ವರ್ಷದಿಂದ ಕೆಡುತ್ತಿತ್ತು.

ಒಂದು ಕೂಗುತ್ತದೆ, ಇನ್ನೊಂದು ಸುಮ್ಮನಿರುತ್ತದೆ

ಐಬಿಎಸ್ ಎಂದರೆ ಇರಿಟೇಬಲ್ ಬವೆಲ್ ಸಿಂಡ್ರೋಮ್, ಕರುಳು ಬೇಗ ಕೆರಳುವ ತೊಂದರೆ. ಕರುಳಿನಲ್ಲಿ ಹುಣ್ಣು, ಗಡ್ಡೆ ಇರುವುದಿಲ್ಲ. ಅದರ ಚಲನೆ ಒಮ್ಮೆ ಜೋರಾಗುತ್ತದೆ, ಒಮ್ಮೆ ನಿಧಾನವಾಗುತ್ತದೆ. ಬೇರೆಯವರಿಗೆ ಗೊತ್ತೇ ಆಗದಷ್ಟು ಗಾಳಿ ನಮಗೆ ನೋವಾಗಿ ಕಾಣುತ್ತದೆ. ಕೆಲವರಿಗೆ ಭೇದಿ, ಕೆಲವರಿಗೆ ಮಲಬದ್ಧತೆ, ಕೆಲವರಿಗೆ ಎರಡೂ. ಮೂರು ತಿಂಗಳಿಂದ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು ಇದ್ದು, ಆ ನೋವಿಗೂ ಮಲವಿಸರ್ಜನೆಗೂ ಸಂಬಂಧವಿದ್ದು, ಮಲ ಹೋಗುವ ಸಲ ಅಥವಾ ಗಟ್ಟಿ-ತೆಳು ಬದಲಾಗಿದ್ದರೆ ವೈದ್ಯರು ಐಬಿಎಸ್ ಎಂದು ಯೋಚಿಸುತ್ತಾರೆ. ಹೆಂಗಸರಲ್ಲಿ ಇದು ಹೆಚ್ಚು. ಮುಟ್ಟಿನ ದಿನಗಳಲ್ಲಿ ಜೋರಾಗುವುದೂ ಉಂಟು. ಇದು ಕ್ಯಾನ್ಸರ್ ಆಗಿ ತಿರುಗುವುದಿಲ್ಲ.

"ಎಲ್ಲಾ ಮನಸ್ಸಿನ ಭ್ರಮೆ" ಎಂದು ಮನೆಯವರು ಹೇಳಬಹುದು. ಅವರಿಗೆ ಕೊಟ್ಟಿಗೆ ತೋರಿಸಿ. ಹಾಲು ಕರೆಯುವಾಗ ನಾಯಿ ಬೊಗಳಿದರೆ, ಹೊಸಬರು ಬಂದು ನಿಂತರೆ ಹೆದರಿದ ಹಸು ಹಾಲು ಬಿಡುವುದಿಲ್ಲ. ಕೆಚ್ಚಲಲ್ಲಿ ಹಾಲು ಇರುವುದೂ ನಿಜ, ಬಿಡದಿರುವುದೂ ನಿಜ. ಹೆದರಿಕೆ ನರ ಮತ್ತು ಹಾರ್ಮೋನಿನ ಮೂಲಕ ಕೆಚ್ಚಲಿಗೆ ಮುಟ್ಟಿತು, ಅಷ್ಟೆ. ನಮ್ಮ ಮಿದುಳಿಗೂ ಕರುಳಿಗೂ ಇದೇ ರೀತಿ ನಂಟಿದೆ. ಸಾಲದ ಕಂತು, ಮಗಳ ಮದುವೆ, ಬತ್ತಿದ ಬೋರ್‌ವೆಲ್ಲು, ಇವೆಲ್ಲ ಕರುಳಿಗೆ ಮುಟ್ಟುತ್ತವೆ. ಮನಸ್ಸಿನ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳನ್ನು ಕಡಿಮೆ ಪ್ರಮಾಣದಲ್ಲಿ ಕರುಳಿನ ನೋವಿಗೂ ಕೊಡುತ್ತಾರೆ. ಚೀಟಿಯಲ್ಲಿ ಅಂಥದ್ದು ಕಂಡರೆ ಗಾಬರಿಯಾಗಬೇಡಿ.

ರಕ್ತದೊತ್ತಡ ಇದಕ್ಕೆ ಪೂರಾ ಉಲ್ಟಾ. ಸಾಮಾನ್ಯವಾಗಿ ನೋವಿಲ್ಲ, ಉಬ್ಬರವಿಲ್ಲ, ಒಂದು ಗುರುತೂ ಇಲ್ಲ. ಸದ್ದಿಲ್ಲದೆ ವರ್ಷಗಟ್ಟಲೆ ಹೃದಯ, ಮೂತ್ರಪಿಂಡ, ಕಣ್ಣು, ಮಿದುಳನ್ನು ಹಾಳು ಮಾಡುತ್ತದೆ. ಜಗತ್ತಿನಲ್ಲಿ ಬಿ.ಪಿ. ಇರುವವರಲ್ಲಿ ಅರ್ಧಕ್ಕೆ ಹತ್ತಿರ ಜನರಿಗೆ ಅದು ಇರುವುದೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ದಾಟಿದ ಹೆಂಗಸರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಬಿ.ಪಿ. ಹೆಚ್ಚಿತ್ತು ಅಥವಾ ಅವರು ಅದಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಬೆಳಿಗ್ಗೆ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತ ಸಾಲನ್ನು ನೆನಪಿಸಿಕೊಂಡು ಎಣಿಸಿ ನೋಡಿ.

ಕೂಗುವ ಹೊಟ್ಟೆಯ ಮಾತು ಕೇಳಿ, ಸುಮ್ಮನಿರುವ ಬಿ.ಪಿ.ಯ ಮಾತ್ರೆ ಬಿಡುತ್ತೇವೆ. ನಾನೂ ಆ ಅಕ್ಕನೂ ಮಾಡಿದ್ದು ಇದನ್ನೇ.

ಎರಡೂ ಇರುವವರು ಎಡವುವ ಜಾಗಗಳು

*ಸೋಡಾ ಮತ್ತು ಗ್ಯಾಸ್ ಪುಡಿ.* ಹಸುವಿಗೆ ಸೋಡಾ ಕೊಡುವುದು ಹುಳಿ ಇಳಿಸಲು, ಅದೂ ಕಾಯಿಲೆ ಬಂದಾಗ. ನೀವು ದಿನವೂ ಕುಡಿದರೆ ಅದರಲ್ಲಿನ ಸೋಡಿಯಂ ಮೈಗೆ ಸೇರುತ್ತದೆ. ಬಿ.ಪಿ. ಏರಿಸುವುದು ಉಪ್ಪಿನಲ್ಲಿರುವ ಇದೇ ಸೋಡಿಯಂ. ಒಂದು ಟೀ ಚಮಚ ಅಡುಗೆ ಸೋಡಾದಲ್ಲಿ ಇಡೀ ದಿನಕ್ಕೆ ಸಾಕೆನ್ನುವ ಸೋಡಿಯಂನ ಅರ್ಧಕ್ಕಿಂತ ಹೆಚ್ಚು ಇದೆ. ಬುರುಗು ಬರುವ ಗ್ಯಾಸ್ ಪುಡಿ ಪ್ಯಾಕೆಟ್, ಉಪ್ಪು ಹಾಕಿದ ನಿಂಬೆ ಸೋಡಾ ಇವೂ ಅದೇ ಗುಂಪು.

*ನೋವಿನ ಮಾತ್ರೆ.* ಹಾಲು ಕರೆದು, ಹುಲ್ಲು ಹೊತ್ತು ಸೊಂಟ ಹಿಡಿದುಕೊಳ್ಳುತ್ತದೆ, ಗೊತ್ತು. ಆದರೆ ಅಂಗಡಿಯಲ್ಲಿ ಸಿಗುವ ಡೈಕ್ಲೋಫಿನಾಕ್, ಐಬುಪ್ರೊಫೆನ್ ತರಹದ ಮಾತ್ರೆಗಳು ಬಿ.ಪಿ. ಏರಿಸುತ್ತವೆ, ಹೊಟ್ಟೆಯನ್ನೂ ಕೆಡಿಸುತ್ತವೆ, ಮೂತ್ರಪಿಂಡಕ್ಕೂ ಹೊಡೆತ. ವೈದ್ಯರಿಗೆ "ನನಗೆ ಬಿ.ಪಿ. ಇದೆ" ಎಂದು ಹೇಳಿ, ಯಾವುದು ಸರಿ ಎಂದು ಕೇಳಿ. ನಾನು ಹಸುವಿಗೆ ಕೊಟ್ಟು ಹೋದ ನೋವಿನ ಔಷಧಿಯನ್ನಂತೂ ಮುಟ್ಟಲೇಬೇಡಿ.

*ಜೋರು ಭೇದಿ.* ಮೈಯಲ್ಲಿ ನೀರು ಕಡಿಮೆಯಾದಾಗ ಬಿ.ಪಿ. ತಾನಾಗಿಯೇ ಇಳಿಯುತ್ತದೆ. ಅದರ ಮೇಲೆ ಕೆಲವು ಬಿ.ಪಿ. ಮಾತ್ರೆ ಬಿದ್ದರೆ ತಲೆಸುತ್ತು ಬರಬಹುದು, ಮೂತ್ರಪಿಂಡಕ್ಕೂ ತೊಂದರೆ. ನೀರಿನಂತೆ ಭೇದಿ, ವಾಂತಿ ಆದರೆ ಓಆರ್‌ಎಸ್ ಕುಡಿಯಿರಿ. ಅದರಲ್ಲಿ ಉಪ್ಪಿದೆ ಎಂದು ಹೆದರಬೇಡಿ, ಆ ಹೊತ್ತಿಗೆ ಅದು ಬೇಕು. ಮಾತ್ರೆ ಮುಂದುವರಿಸಬೇಕೇ, ಒಂದೆರಡು ದಿನ ನಿಲ್ಲಿಸಬೇಕೇ ಎಂದು ಅಂದೇ ವೈದ್ಯರನ್ನು ಕೇಳಿ.

*ಮಾತ್ರೆ ಒಗ್ಗದಿದ್ದರೆ.* ಕೆಲವರಿಗೆ ಕೆಲವು ಮಾತ್ರೆ ನಿಜವಾಗಿಯೂ ಒಗ್ಗುವುದಿಲ್ಲ. ಅಮ್ಲೋಡಿಪಿನ್‌ನಿಂದ ಪಾದ ಊದಬಹುದು, ಇನ್ನೊಂದರಿಂದ ಕೆಮ್ಮು ಬರಬಹುದು, ಮತ್ತೊಂದರಿಂದ ಹೊಟ್ಟೆ ಕೆಡಬಹುದು. ಬಿ.ಪಿ.ಗೆ ಒಂದೇ ಮಾತ್ರೆ ಅಲ್ಲ, ಹಲವು ಬಗೆ ಇವೆ. ಹೋಗಿ ಹೇಳಿದರೆ ಬದಲಾಯಿಸಿ ಕೊಡುತ್ತಾರೆ. ನನಗೂ ಬದಲಾಯಿಸಿದರು. ಗರ್ಭಿಣಿಯಾಗಿದ್ದರೆ ಅಥವಾ ಮಗು ಬೇಕೆಂದಿದ್ದರೆ ಅದನ್ನೂ ಮೊದಲೇ ತಿಳಿಸಿ. ಕೆಲವು ಬಿ.ಪಿ. ಮಾತ್ರೆ ಗರ್ಭಕ್ಕೆ ಆಗುವುದಿಲ್ಲ.

ನಮ್ಮ ಅಡುಗೆಮನೆಯಲ್ಲಿ

ಹಸುವಿಗೆ ಮೇವು ಒಂದೇ ದಿನ ಬದಲಾಯಿಸಬೇಡಿ, ವಾರವಿಡೀ ಸ್ವಲ್ಪ ಸ್ವಲ್ಪ ಬದಲಾಯಿಸಿ ಎಂದು ನಾನು ಎಷ್ಟು ಸಲ ಹೇಳಿದ್ದೇನೆ! ನಮ್ಮ ಊಟಕ್ಕೂ ಅದೇ ಮಾತು. ಯಾರೋ ಹೇಳಿದರೆಂದು ಎಲ್ಲವನ್ನೂ ಒಟ್ಟಿಗೆ ಬಿಡಬೇಡಿ. ಒಂದೊಂದಾಗಿ ಎರಡು ವಾರ ಬಿಟ್ಟು ನೋಡಿ, ವ್ಯತ್ಯಾಸವಿಲ್ಲದಿದ್ದರೆ ವಾಪಸ್ ತಿನ್ನಿ.

ರಾಗಿ ಮುದ್ದೆ ಬಹಳ ಜನರಿಗೆ ಒಗ್ಗುತ್ತದೆ. ಬಿಡುವ ಅಗತ್ಯವಿಲ್ಲ. ಅವರೆಕಾಯಿ ಕಾಲದಲ್ಲಿ ಮೂರು ಹೊತ್ತೂ ಅವರೆಯೇ ಆದರೆ ಉಬ್ಬರ ಹೆಚ್ಚುತ್ತದೆ. ಕಾಳನ್ನು ಚೆನ್ನಾಗಿ ನೆನೆಸಿ, ಆ ನೀರು ಚೆಲ್ಲಿ, ಮೆತ್ತಗೆ ಬೇಯಿಸಿ, ಕಡಿಮೆ ತಿನ್ನಿ. ಹಸಿ ಈರುಳ್ಳಿ, ಜಾಸ್ತಿ ಬೆಳ್ಳುಳ್ಳಿ, ಕರಿದ ತಿಂಡಿ, ಖಾರ, ಖಾಲಿ ಹೊಟ್ಟೆಯ ಕಾಫಿ ಹಲವರ ಕರುಳನ್ನು ಕೆರಳಿಸುತ್ತವೆ. ಮಲಬದ್ಧತೆ ಇದ್ದರೆ ಇಸಬ್‌ಗೋಲ್ ಸಹಾಯ ಮಾಡುತ್ತದೆ. ಸ್ವಲ್ಪದಿಂದ ಶುರು ಮಾಡಿ, ಜೊತೆಗೆ ನೀರು ಜಾಸ್ತಿ ಕುಡಿಯಿರಿ.

ಇನ್ನು ಹಾಲು. ಹಾಲಿನ ಒಕ್ಕೂಟದ ಪತ್ರಿಕೆಯಲ್ಲಿ ಇದನ್ನು ಬರೆಯಬಹುದೇ ಎಂದು ಯೋಚಿಸಿದೆ. ಆದರೆ ನಿಜ ಹೇಳಲೇಬೇಕು. ದೊಡ್ಡವರಾದ ಮೇಲೆ ಕೆಲವರ ಕರುಳಿಗೆ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಕಡಿಮೆಯಾಗುತ್ತದೆ. ಅಂಥವರಿಗೆ ಒಂದು ಲೋಟ ಹಾಲು ಕುಡಿದರೆ ಉಬ್ಬರ, ಭೇದಿ. ಇದು ಹಾಲಿನ ದೋಷವಲ್ಲ, ಹೊಟ್ಟೆಯ ಸ್ವಭಾವ. ಹೆಪ್ಪು ಹಾಕಿದಾಗ ಆ ಸಕ್ಕರೆ ಸ್ವಲ್ಪ ಕಡಿಮೆಯಾಗುವುದರಿಂದ ಮೊಸರು, ಮಜ್ಜಿಗೆ ಬಹುತೇಕರಿಗೆ ಆಗುತ್ತದೆ. ನಾನು ಬೆಳಗಿನ ಲೋಟ ಹಾಲು ಬಿಟ್ಟು ಮಧ್ಯಾಹ್ನ ಮಜ್ಜಿಗೆ ಕುಡಿಯುತ್ತೇನೆ, ಉಪ್ಪು ಹಾಕದೆ.

ಉಪ್ಪಿನ ಲೆಕ್ಕ ಸುಲಭ: ಒಬ್ಬರಿಗೆ ದಿನಕ್ಕೆ ಒಂದು ಟೀ ಚಮಚ, ಅಂದರೆ 5 ಗ್ರಾಂಗಿಂತ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಉಪ್ಪುಸಾರಿನ ಖಾರ ಎಲ್ಲವೂ ಸೇರಿ ಇಷ್ಟು. ಮುದ್ದೆಗೆ, ಅನ್ನಕ್ಕೆ ಉಪ್ಪು ಹಾಕುವುದನ್ನು ಬಿಟ್ಟು ಸಾರಿನಲ್ಲಿ ಮಾತ್ರ ಇಟ್ಟುಕೊಳ್ಳಿ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಜ್ಜಿಯರೇ, ಅದೂ ಬಿ.ಪಿ. ಏರಿಸುತ್ತದೆ.

ಬೆಳಗಿನ ಹೊತ್ತು

ನಾಲ್ಕೂವರೆಗೆ ಎದ್ದು ಸಗಣಿ ಬಾಚಿ, ಹಾಲು ಕರೆದು, ಡೈರಿಗೆ ಓಡುವ ಅವಸರದಲ್ಲಿ ಹೊಟ್ಟೆ ಕರೆದರೂ ತಡೆದುಕೊಳ್ಳುತ್ತೀರಿ. ತಡೆದು ತಡೆದು ಮಲ ಗಟ್ಟಿಯಾಗುತ್ತದೆ. ಹೊಲದ ಹತ್ತಿರ ಶೌಚಾಲಯ ಇಲ್ಲವೆಂದು ನೀರನ್ನೂ ಕುಡಿಯುವುದಿಲ್ಲ. ಹತ್ತು ನಿಮಿಷ ಮುಂಚೆ ಎದ್ದು, ಒಂದು ಲೋಟ ಬಿಸಿನೀರು ಕುಡಿದು, ನಿಮ್ಮದು ಮುಗಿಸಿಕೊಂಡು ಕೊಟ್ಟಿಗೆಗೆ ಹೋಗಿ. ಆ ಹತ್ತು ನಿಮಿಷ ಸಗಣಿ ಬಾಚಲು ಗಂಡನಿಗೋ ಮಗನಿಗೋ ಹೇಳಿ. ಹಾಲಿನ ದುಡ್ಡು ಮನೆಗೆಲ್ಲ ಬರುತ್ತದೆ, ಕೆಲಸವೂ ಹಂಚಿಕೆಯಾಗಲಿ.

ಕೊಟ್ಟಿಗೆಯಿಂದ ಬಂದ ಮೇಲೆ ಸೋಪು ಹಾಕಿ ಕೈ ತೊಳೆಯುವುದನ್ನು ಮರೆಯಬೇಡಿ. ಕರು ಬೇಧಿ ಮಾಡುತ್ತಿದ್ದರೆ ಅದರ ರೋಗಾಣು ನಿಮಗೂ ಬರಬಹುದು. ಹಸಿ ಹಾಲು ಕುಡಿಯಬೇಡಿ, ಕುದಿಸಿಯೇ ಕುಡಿಯಿರಿ. ಒಮ್ಮೆ ಜೋರಾಗಿ ಹೊಟ್ಟೆಯ ಸೋಂಕು ಬಂದು ಹೋದ ಮೇಲೆ ಸುಮಾರು ಹತ್ತರಲ್ಲಿ ಒಬ್ಬರಿಗೆ ಐಬಿಎಸ್ ಉಳಿದುಬಿಡುತ್ತದೆ.

ಯಾವಾಗ ತಡಮಾಡಬಾರದು

ಮಲದಲ್ಲಿ ರಕ್ತ, ಟಾರಿನಂತೆ ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಜ್ವರ, ರಕ್ತಹೀನತೆ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಹೊಟ್ಟೆಯ ತೊಂದರೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್ ಇರುವುದು: ಇವುಗಳಲ್ಲಿ ಒಂದಿದ್ದರೂ ಐಬಿಎಸ್ ಎಂದು ಸುಮ್ಮನಿರಬೇಡಿ. ಮಾಲೂರಿನ ತಾಲ್ಲೂಕು ಆಸ್ಪತ್ರೆಗೋ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೋ ಹೋಗಿ.

ಬಾಯಿ ಒಂದು ಕಡೆ ವಾಲಿದರೆ, ಒಂದು ಕೈ ಅಥವಾ ಕಾಲು ಸೋತರೆ, ಮಾತು ತೊದಲಿದರೆ, ಎದೆ ಹಿಂಡಿದಂತಾದರೆ ಕೂಡಲೇ 108ಕ್ಕೆ ಫೋನ್ ಮಾಡಿ. ಹಾಲು ಹಾಕಿ ಬಂದ ಮೇಲೆ ನೋಡೋಣ ಎನ್ನಬೇಡಿ.

ಎಲ್ಲಿ ನೋಡಿಸುವುದು?

ದೇಶದಲ್ಲಿ ಸಕ್ಕರೆ ಕಾಯಿಲೆ, ಬಿ.ಪಿ., ಕ್ಯಾನ್ಸರ್ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಶುರುವಾದಾಗ, ಕರ್ನಾಟಕದಿಂದ ಮೊದಲು ಆಯ್ಕೆಯಾದ ಜಿಲ್ಲೆಗಳಲ್ಲಿ ನಮ್ಮ ಕೋಲಾರವೂ ಒಂದು. ಮನೆ ಬಾಗಿಲಿಗೇ ಬಂದು ತಪಾಸಣೆ ಮಾಡುವ 'ಗೃಹ ಆರೋಗ್ಯ' ಯೋಜನೆಯೂ 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾದದ್ದು ನಮ್ಮ ಜಿಲ್ಲೆಯಲ್ಲೇ. ಆಶಾ ಕಾರ್ಯಕರ್ತೆ ಬಂದಾಗ "ಹಾಲು ಕರೀಬೇಕು, ಆಮೇಲೆ ಬಾ" ಎಂದು ಕಳಿಸಬೇಡಿ. ಅವರು ಬರದಿದ್ದರೆ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಮೂವತ್ತು ದಾಟಿದವರಿಗೆ ಬಿ.ಪಿ., ಸಕ್ಕರೆ ಉಚಿತವಾಗಿ ನೋಡುತ್ತಾರೆ. ಬಿ.ಪಿ. ಮಾತ್ರೆಯೂ ಅಲ್ಲೇ ಉಚಿತ.

ನೋಡಿಸುವ ಮುಂಚೆ ಐದು ನಿಮಿಷ ಬೆನ್ನು ಒರಗಿಸಿ ಕೂರಿ. ಪಾದ ನೆಲಕ್ಕೆ ತಾಗಿರಲಿ, ಮೂತ್ರ ಮಾಡಿ ಬನ್ನಿ, ಅರ್ಧ ಗಂಟೆಯ ಮುಂಚೆ ಕಾಫಿ, ಹೊಗೆಸೊಪ್ಪು ಬೇಡ. ಕ್ಯಾನು ಹೊತ್ತು ಬಂದ ಕೂಡಲೇ ನೋಡಿಸಿದರೆ ಅಂಕಿ ಸುಳ್ಳು ಬರುತ್ತದೆ. ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಹೆಚ್ಚು ಬಂದರೆ ಅದು ಬಿ.ಪಿ.

ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ಡೈರಿ ಪಾಸ್‌ಪುಸ್ತಕದಲ್ಲಿ ಲೀಟರು, ಫ್ಯಾಟು, ಎಸ್‌ಎನ್‌ಎಫ್ ಬರೆಸುತ್ತೀರಿ. ಒಂದು ಪಾಯಿಂಟ್ ಫ್ಯಾಟ್ ಇಳಿದರೂ ಕಾರ್ಯದರ್ಶಿಯನ್ನು ಕೇಳುತ್ತೀರಿ. ಹಾಗೆಯೇ ಇದರಲ್ಲಿ ಏನು ತಿಂದಿರಿ, ಹೊಟ್ಟೆ ಹೇಗಿತ್ತು, ಮಾತ್ರೆ ತೆಗೆದುಕೊಂಡಿರಾ, ಬಿ.ಪಿ. ಎಷ್ಟು ಎಂದು ಬರೆಯಿರಿ. ಬರೆಯಲು ಬಾರದಿದ್ದರೆ ಮೊಮ್ಮಕ್ಕಳ ಕೈಲಿ ಬರೆಸಿ. ಎರಡು ವಾರ ಬರೆದರೆ ಹೊಟ್ಟೆ ಕೆಡಿಸಿದ್ದು ಮಾತ್ರೆಯೋ ಕರಿದ ತಿಂಡಿಯೋ ತಿಳಿಯುತ್ತದೆ. ವೈದ್ಯರಿಗೂ ಅದೇ ಬೇಕು.

ಮಹಿಳಾ ಸಂಘಗಳ ಅಧ್ಯಕ್ಷೆಯರಲ್ಲಿ, ಕಾರ್ಯದರ್ಶಿಗಳಲ್ಲಿ ಒಂದು ವಿನಂತಿ. ತಿಂಗಳಿಗೊಮ್ಮೆ ಬಟವಾಡೆ ದಿನ ಆರೋಗ್ಯ ಕೇಂದ್ರದ ಸಿಬ್ಬಂದಿಯನ್ನು ಕರೆಸಿ, ಒಂದು ಮೇಜು, ಎರಡು ಕುರ್ಚಿ ಕೊಡಿ. ಎಲ್ಲರೂ ಬರುವ ದಿನ ಅದೇ.

ಮೊದಲು ಹೇಳಿದ ಆ ಅಕ್ಕನ ಹಸು ಮೂರನೇ ದಿನಕ್ಕೆ ಮೇವು ತಿಂದಿತು. ಅಕ್ಕನನ್ನು ಆರೋಗ್ಯ ಕೇಂದ್ರಕ್ಕೆ ಕಳಿಸಿದಾಗ ಬಿ.ಪಿ. 170/104 ಇತ್ತು. ಬೇರೆ ಮಾತ್ರೆ ಕೊಟ್ಟರು, ಸೋಡಾ ನಿಲ್ಲಿಸಿದರು. ಹೊಟ್ಟೆ ಪೂರ್ತಿ ಸರಿಹೋಗಿಲ್ಲ. ನನ್ನದೂ ಹೋಗಿಲ್ಲ. ಕೆಟ್ಟ ದಿನಗಳು ಈಗಲೂ ಬರುತ್ತವೆ, ಆದರೆ ಆ ದಿನವೂ ಇಬ್ಬರೂ ಮಾತ್ರೆ ನುಂಗುತ್ತೇವೆ. ಕಳೆದ ಸಲ ಗರ್ಭ ಪರೀಕ್ಷೆಗೆ ಹೋದಾಗ ಅವರೇ ಪುಸ್ತಕ ತಂದು ತೋರಿಸಿದರು: 132/84. ಆಮೇಲೆ ನನ್ನನ್ನೇ ಕೇಳಿದರು, "ನಿಮ್ಮದೆಷ್ಟು ಡಾಕ್ಟ್ರಮ್ಮ?"

ನಾಳೆ ಡೈರಿಯಲ್ಲಿ ಪಕ್ಕದಲ್ಲಿ ನಿಂತವರನ್ನು ನೀವೂ ಹೀಗೆ ಕೇಳಿ.

ನಿಮ್ಮ
ಪಶುವೈದ್ಯಾಧಿಕಾರಿ